ಮೊದಲ ಗಿಟಾರ್, ಬಜೆಟ್ 10 ಸಾವಿರ: ನೈಲಾನೋ ಸ್ಟೀಲೋ? 38 ಇಂಚೋ 41 ಇಂಚೋ?

ಹೊಸಬ_ಹಾಸನ
ಗಿಟಾರ್ ಕೈಯಲ್ಲಿ ಹಿಡಿದೂ ಗೊತ್ತಿಲ್ಲ, ಈಗ ಕಲೀಬೇಕು ಅಂತಿದೀನಿ. ಗುರಿ ದೊಡ್ಡದೇನಲ್ಲ. ಭಾವಗೀತೆ, ಹಳೇ ಸಿನಿಮಾ ಹಾಡು ಹಾಡ್ಕೊಂಡು ಜೊತೆಗೆ ಕಾರ್ಡ್ಸ್ (ಒಟ್ಟಿಗೆ ಬಾರಿಸೋ ಸ್ವರಗಳ ಗುಂಪು) ಬಾರಿಸಿದ್ರೆ ಸಾಕು. ಆನ್‌ಲೈನಲ್ಲಿ ನೋಡಿ ನೋಡಿ ತಲೆ ಕೆಟ್ಟಿದೆ. 38 ಇಂಚಿಂದು ಬ್ಯಾಗು, ಬೆಲ್ಟು, ಪಿಕ್ಕು, ಎಕ್ಸ್‌ಟ್ರಾ ತಂತಿ ಎಲ್ಲ ಸೇರಿ 3 ಸಾವಿರ. 41 ಇಂಚಿಂದು 9 ಸಾವಿರ, ಜೊತೆಗೆ ಏನೂ ಇಲ್ಲ. ಕೆಲವರು ನೈಲಾನ್ ಅಂತಾರೆ, ಕೆಲವರು ಸೆಮಿ ಅಕೌಸ್ಟಿಕ್ ಅಂತಾರೆ. ಏನು ತಗೊಳ್ಳಲಿ? ಅದಕ್ಕಿಂತ ಮುಖ್ಯವಾಗಿ, ಅಂಗಡಿಗೆ ಹೋದ್ರೆ ಏನು ನೋಡಿ ತಗೊಳ್ಳಲಿ?

ಆರುತಂತಿ
ಹಾಡಿನ ಜೊತೆ ಕಾರ್ಡ್ಸ್ ಬಾರಿಸೋಕೆ ಸ್ಟೀಲ್ ತಂತಿಯ ಅಕೌಸ್ಟಿಕ್. ಯಮಾಹಾ ಎಫ್280, ಎಫ್310, ಕಾರ್ಟ್ ಎಡಿ810, ಈ ಮಟ್ಟದವು ನೋಡಿ. ಬೆಲೆ ಅಂಗಡಿ ಮೇಲೆ ಹೆಚ್ಚುಕಡಿಮೆ. ಆದ್ರೆ 10 ಸಾವಿರ ಪೂರ್ತಿ ಗಿಟಾರಿಗೇ ಸುರೀಬೇಡಿ. ಗಿಟಾರಿನ ತಲೆಗೆ ಕಚ್ಚಿಸೋ, ಶ್ರುತಿ ತೋರಿಸೋ ಟ್ಯೂನರ್, ಒಂದು ಸೆಟ್ ತಂತಿ, ಒಂದು ಕೇಪೋ (ಕತ್ತಿಗೆ ಕಚ್ಚಿಸಿ ಎಲ್ಲ ತಂತಿ ಒತ್ತೋ ಕ್ಲಿಪ್ಪು), ಒಂದ್ಸಲದ ಸೆಟಪ್ (ತಂತಿಯ ಎತ್ತರ, ಕತ್ತಿನ ಬಾಗು ಸರಿ ಮಾಡೋ) ಕೂಲಿ, ಇವಕ್ಕೆ 1,500–2,000 ಎತ್ತಿಡಿ.

ಗಾಂಧಿಬಜಾರ್_ಗುರು
ಯುಕುಲೇಲಿ ತಗೊಳ್ಳಿ. ನಾಲ್ಕೇ ತಂತಿ, ಬೆರಳು ಬದುಕ್ಕೊಳ್ಳುತ್ತೆ.

ಆರುತಂತಿ
ದೋಸೆ ಕೇಳಿದ್ರೆ ಇಡ್ಲಿ ತಿನ್ನಿ ಅಂದ ಹಾಗಾಯ್ತು ಗುರುವೇ.

ಮರಗೆಲಸ_ಮೈಸೂರು
ಮೊದಲು ಈ ಇಂಚಿನ ಗೊಂದಲ ಬಿಡಿಸ್ತೀನಿ. 38, 39, 41 ಅನ್ನೋದು ತಲೆಯಿಂದ ಬುಡದವರೆಗಿನ ಒಟ್ಟು ಉದ್ದ. ಎಡಗೈ ಬೆರಳಿಗೆ ಮುಖ್ಯವಾದದ್ದು ಬೇರೆ ಎರಡು ಅಳತೆ. ಒಂದು, ನಟ್‌ನಿಂದ ಸ್ಯಾಡಲ್‌ವರೆಗೆ ತಂತಿ ಕಂಪಿಸುವ ಉದ್ದ (ನಟ್ ಅಂದ್ರೆ ಕತ್ತಿನ ತುದಿಯಲ್ಲಿ, ಸ್ಯಾಡಲ್ ಅಂದ್ರೆ ದೇಹದ ಮೇಲೆ ತಂತಿ ಕೂರೋ ಸಣ್ಣ ಪಟ್ಟಿ). ಎಫ್310ಕ್ಕೆ ಇದು 634 ಮಿ.ಮೀ., ಕ್ಲಾಸಿಕಲ್ (ನೈಲಾನ್ ತಂತಿಯ) ಗಿಟಾರುಗಳಿಗೆ ಸಾಮಾನ್ಯವಾಗಿ 650. ಎರಡನೇದು ನಟ್ ಹತ್ತಿರ ಕತ್ತಿನ ಅಗಲ. ಸ್ಟೀಲ್ ಗಿಟಾರಿಗೆ ಸುಮಾರು 43 ಮಿ.ಮೀ., ಕ್ಲಾಸಿಕಲ್ಲಿಗೆ 50ರಿಂದ 52.

ಈಗ ನಿಜವಾಗಿ ನೋಡಬೇಕಾದದ್ದು ಹೇಳ್ತೀನಿ: ತಂತಿಯ ಎತ್ತರ. 12ನೇ ಫ್ರೆಟ್ಟಿನ (ಕತ್ತಿನ ಮೇಲಿನ ಲೋಹದ ಅಡ್ಡಗೆರೆ) ತಲೆಯಿಂದ ತಂತಿಯ ತಳಕ್ಕೆ ಎಷ್ಟು ಸಂದಿ ಇದೆ ಅನ್ನೋದು. ಸ್ಟೀಲ್ ಗಿಟಾರಲ್ಲಿ ದಪ್ಪ ತಂತಿಗೆ 2ರಿಂದ 2.5 ಮಿ.ಮೀ., ಸಣ್ಣ ತಂತಿಗೆ 1.5ರಿಂದ 2 ಇದ್ರೆ ಹೊಸಬರ ಬೆರಳು ಒಪ್ಪುತ್ತೆ. ಡಬ್ಬದಿಂದ ನೇರವಾಗಿ ಬಂದ ಅಗ್ಗದ ಗಿಟಾರಲ್ಲಿ 4 ಮಿ.ಮೀ. ಕೂಡ ಇರುತ್ತೆ. ಅದನ್ನ ಒತ್ತೋಕೆ ಹೋದವರು "ನನ್ನ ಬೆರಳಲ್ಲಿ ಶಕ್ತಿ ಇಲ್ಲ" ಅಂದ್ಕೊಂಡು ಬಿಟ್ಟುಬಿಡ್ತಾರೆ. ತಪ್ಪು ಬೆರಳಿಂದಲ್ಲ.

ಅಂಗಡಿಗೆ ಸ್ಕೇಲು ಹಿಡ್ಕೊಂಡು ಹೋಗೋಕೆ ನಾಚಿಕೆ ಆದ್ರೆ ಜೇಬಲ್ಲೇ ಅಳತೆ ಇದೆ. ಒಂದು ಎಟಿಎಂ ಕಾರ್ಡಿನ ದಪ್ಪ 0.76 ಮಿ.ಮೀ. ಮೂರು ಜೋಡಿಸಿದ್ರೆ 2.28. ಅಕ್ಷರ ಉಬ್ಬಿರದ, ಸಪಾಟಾದ ಮೂರು ಕಾರ್ಡುಗಳನ್ನ ಒತ್ತಿ ಹಿಡಿದು, 12ನೇ ಫ್ರೆಟ್ಟಿನ ಮೇಲೆ ದಪ್ಪ ತಂತಿಯ ಅಡಿಗೆ ಮೂಲೆ ತೂರಿಸಿ. ತಂತಿಗೆ ತಾಗಿಯೂ ತಾಗದ ಹಾಗೆ ಹೋದ್ರೆ ಸರಿಯಾಗಿದೆ. ನಾಲ್ಕನೇ ಕಾರ್ಡೂ ಸಲೀಸಾಗಿ ಹೋದ್ರೆ ಅಲ್ಲಿ 3 ಮಿ.ಮೀ. ದಾಟಿದೆ, ಸೆಟಪ್ ಬೇಕು. ನೈಲಾನಿಗೆ ಈ ಲೆಕ್ಕ ಹಾಕಬೇಡಿ. ಅದರ ತಂತಿ ಅಗಲವಾಗಿ ತೂಗಾಡುತ್ತೆ, ದಪ್ಪ ತಂತಿಗೆ 4 ಮಿ.ಮೀ.ವರೆಗೂ ಸಹಜ.

ಗಾಂಧಿಬಜಾರ್_ಗುರು
ಎಟಿಎಂ ಕಾರ್ಡಿಗೂ ಗಿಟಾರ್ ಕಾರ್ಡಿಗೂ ಕೊನೆಗೂ ಸಂಬಂಧ ಸಿಕ್ತು 😄

ಕೆಂಪುಸ್ಕೇಲು
ಸ್ಕೇಲು ತರೋರಿಗೆ ಒಂದು ಮಾತು: ಶಾಲೆ ಮಕ್ಕಳ ಪ್ಲಾಸ್ಟಿಕ್ ಸ್ಕೇಲು ತರಬೇಡಿ. ಅದರಲ್ಲಿ ಸೊನ್ನೆ ಗೆರೆಗೆ ಮುಂಚೆ ಖಾಲಿ ಜಾಗ ಇರುತ್ತೆ, ಅಷ್ಟೂ ತಪ್ಪು ಲೆಕ್ಕ. ಅಂಚಿಂದಲೇ ಸೊನ್ನೆ ಶುರುವಾಗೋ ಸ್ಟೀಲ್ ಸ್ಕೇಲು ಬೇಕು.

ಹುಬ್ಬಳ್ಳಿ_ಹೈದ
ಅಲ್ರೀ, ಮೂರು ಸಾವಿರದ ಗಿಟಾರ್ ಅಂದ್ರ ಕಸಾ ಅಂತ ಯಾಕ ತಿಳ್ಕೊಂಡೀರಿ? ಸ್ಯಾಡಲ್ ತಿಕ್ಕಿ ತಂತಿ ಇಳಿಸಿ, ಹೊಸಾ ತಂತಿ ಹಾಕಿದ್ರ ಆರು ತಿಂಗಳು ಕಲೀಲಿಕ್ಕೆ ಏನೂ ಅಡ್ಡಿ ಇಲ್ಲ. ಹತ್ತು ಸಾವಿರ ಹಾಕಿ ಮೂರನೇ ವಾರಕ್ಕ ಗ್ವಾಡಿಗೆ ತೂಗು ಹಾಕೋ ಮಂದಿ ಭಾಳ ಅದಾರ.

ಮರಗೆಲಸ_ಮೈಸೂರು
ಹೈದ, ಅರ್ಧ ಒಪ್ತೀನಿ. ಎತ್ತರ ಇಳಿಸಬಹುದು. ಆದ್ರೆ ಸ್ಯಾಡಲ್ ತಿಕ್ಕಿ ಸರಿಹೋಗದ ಕಾಯಿಲೆಗಳೂ ಇವೆ. ಫ್ರೆಟ್ಟುಗಳು ಒಂದು ಮೇಲೆ ಒಂದು ಕೆಳಗೆ ಕೂತಿದ್ರೆ ತಂತಿ ಇಳಿಸಿದಷ್ಟೂ ಗರ್‌ಗುಟ್ಟುತ್ತೆ. ಕತ್ತಿನೊಳಗೆ ತಿರುಗಿಸೋಕೆ ಬರುವ ಟ್ರಸ್ ರಾಡ್ (ಲೋಹದ ಸರಳು) ಇಲ್ಲದಿದ್ರೆ, ಕತ್ತು ಒಮ್ಮೆ ಬಾಗಿತು ಅಂದ್ರೆ ಮುಗೀತು. ಮೂರನೇದು ಶ್ರುತಿ. 12ನೇ ಫ್ರೆಟ್ಟಿನ ಸರಿ ಮೇಲೆ ತಂತಿಗೆ ಬೆರಳು ಬರೀ ತಾಗಿಸಿ ಮೀಟಿ, ಗಂಟೆಯಂಥ ಹಾರ್ಮೋನಿಕ್ ಬರುತ್ತೆ. ಆಮೇಲೆ ಅದೇ ಜಾಗ ಒತ್ತಿ ಮೀಟಿ. ಟ್ಯೂನರಲ್ಲಿ ಎರಡೂ ಒಂದೇ ತೋರಿಸಬೇಕು. ಒತ್ತಿದ್ದು ತುಸು ಏರಿದ್ರೆ ಎತ್ತರ ಇಳಿಸಿದಾಗ ಸರಿಹೋಗಬಹುದು, ಯಾಕಂದ್ರೆ ಎತ್ತರದ ತಂತಿ ಒತ್ತುವಾಗ ಎಳೆದಂತಾಗಿ ಸ್ವರ ಏರುತ್ತೆ. ಇಳಿಸಿದ ಮೇಲೂ 15–20 ಸೆಂಟ್ (ಒಂದು ಫ್ರೆಟ್ಟಿನ ಅಂತರದ ನೂರನೇ ಒಂದು ಪಾಲು ಒಂದು ಸೆಂಟ್) ಏರಿದ್ರೆ ಕುದುರೆಯೇ (ಸ್ಯಾಡಲ್ ಕೂತಿರೋ ಬ್ರಿಡ್ಜ್) ತಪ್ಪು ಜಾಗದಲ್ಲಿ ಅಂಟಿದೆ ಅಂತ ಅರ್ಥ. ಬಿಟ್ಟು ಬನ್ನಿ.

ಹುಬ್ಬಳ್ಳಿ_ಹೈದ
ಹಾರ್ಮೋನಿಕ್ ಮಾತು ಖರೆ ಅದ. ಆದ್ರ ಆನ್‌ಲೈನ್ ತರ್ಸೋರು ಅದನ್ನ ಹೆಂಗ ನೋಡಬೇಕು?

ಮರಗೆಲಸ_ಮೈಸೂರು
ಅದಕ್ಕೇ ಅಂಗಡಿ ಅನ್ನೋದು. ತರಿಸಿದ್ರೂ ವಾಪಸ್ ಮಾಡೋ ಅವಧಿಯೊಳಗೆ ನೋಡಿ.

ಸಾಗರದ_ಶ್ರೀ
ಬೆರಳು ನೋಯುತ್ತೆ ಅಂದ್ರೆ ನೈಲಾನ್ ತಗೊಳ್ಳಿ ಅಷ್ಟೇ. ಯಮಾಹಾದ ನೈಲಾನ್ ಗಿಟಾರ್ ಸಿ40 ತಗೊಂಡು, ಆರು ತಿಂಗಳಾದ ಮೇಲೆ ಅದಕ್ಕೇ ಸ್ಟೀಲ್ ತಂತಿ ಹಾಕ್ಕೊಂಡ್ರೆ ಎರಡೂ ಸಿಕ್ಕಿದ ಹಾಗೆ.

ಆರುತಂತಿ
ಶ್ರೀ, ದಯವಿಟ್ಟು ಈ ಸಲಹೆ ಯಾರೂ ಪಾಲಿಸಬೇಡಿ! 12–53 ಸ್ಟೀಲ್ ಸೆಟ್ (ಸಣ್ಣ ತಂತಿ 0.012 ಇಂಚು, ದಪ್ಪ ತಂತಿ 0.053 ಇಂಚು) ಶ್ರುತಿಗೆ ಬಂದಾಗ ಆರೂ ತಂತಿ ಸೇರಿ 70 ಕೆ.ಜಿ. ಮೇಲೆ ಎಳೀತವೆ. ನೈಲಾನ್ ಸೆಟ್ ಎಳೆಯೋದು 40 ಕೆ.ಜಿ. ಹತ್ತಿರ. ಕ್ಲಾಸಿಕಲ್ ಗಿಟಾರಿನ ಮೇಲ್ಹಲಗೆ, ಒಳಗಿನ ಪಟ್ಟಿಗಳು, ಅಂಟು ಕುದುರೆ ಎಲ್ಲ ಆ 40ಕ್ಕೇ ಮಾಡಿರೋದು. ಸ್ಟೀಲ್ ಹಾಕಿದ್ರೆ ಮೊದಲು ಹಲಗೆ ಹೊಟ್ಟೆ ಬಿಡುತ್ತೆ, ಕತ್ತು ಬಾಗುತ್ತೆ, ಆಮೇಲೊಂದು ದಿನ ಕುದುರೆ ಟಪ್ ಅಂತ ಕಿತ್ತು ಬರುತ್ತೆ.

ತಿರುಗುಮುರುಗೂ ಆಗಲ್ಲ. ಸ್ಟೀಲ್ ಗಿಟಾರಿಗೆ ನೈಲಾನ್ ಹಾಕಿದ್ರೆ ಮುರಿಯಲ್ಲ, ಆದ್ರೆ ಕುದುರೆಯ ಗೂಟದಲ್ಲಿ ನಿಲ್ಲೋಕೆ ಅದಕ್ಕೆ ತುದಿಯ ಗುಂಡೇ ಇರಲ್ಲ. ಗುಂಡಿರೋ ನೈಲಾನ್ ಸಿಕ್ಕಿದ್ರೂ ಆ ಹಲಗೆಯನ್ನ ಅಲುಗಿಸೋಷ್ಟು ಎಳೆತ ಇಲ್ಲ, ಸದ್ದು ಸತ್ತ ಹಾಗಿರುತ್ತೆ.

ಸಾಗರದ_ಶ್ರೀ
ಸರಿ, ಆ ಭಾಗ ವಾಪಸ್. ನೈಲಾನ್ ಮೆತ್ತಗೆ ಅನ್ನೋದಂತೂ ನಿಜ ತಾನೇ?

ಗಮಕಪ್ರಿಯೆ
ಮೆತ್ತಗೆ ನಿಜ, ಕತ್ತು ಅಗಲ ಅನ್ನೋದೂ ನಿಜ. 52 ಮಿ.ಮೀ. ಕತ್ತಲ್ಲಿ ಚಿಕ್ಕ ಕೈಯವರು ಜಿ ಮೇಜರ್ ಹಿಡಿಯೋಕೆ ಒದ್ದಾಡ್ತಾರೆ. ಬೆರಳಲ್ಲಿ ಒಂದೊಂದೇ ತಂತಿ ಮೀಟೋರಿಗೆ, ಕ್ಲಾಸಿಕಲ್ ಗ್ರೇಡ್ ಪರೀಕ್ಷೆ ಕಟ್ಟೋರಿಗೆ ನೈಲಾನೇ ಬೇಕು. ಹಾಡಿನ ಜೊತೆ ಪಿಕ್ಕಲ್ಲಿ ಬೀಸಿ ಬಾರಿಸೋರಿಗೆ ಸ್ಟೀಲ್.

ಬೆರಳಿನ ನೋವಿಗೆ ಔಷಧಿ ತಂತಿಯ ದಪ್ಪದಲ್ಲಿದೆ. ಸ್ಟೀಲಲ್ಲೇ 12–53 ಬದಲು 10–47 ಹಾಕಿಸಿ, ಒಟ್ಟು ಎಳೆತ 60 ಕೆ.ಜಿ. ಹತ್ತಿರಕ್ಕೆ ಇಳಿಯುತ್ತೆ. ಸದ್ದು ಸ್ವಲ್ಪ ತೆಳು, ಬೆರಳಿಗೆ ಎಷ್ಟೋ ಹಗುರ. ದಿನಕ್ಕೆ 15–20 ನಿಮಿಷ ಬಾರಿಸಿದ್ರೆ ಮೂರ್ನಾಲ್ಕು ವಾರಕ್ಕೆ ತುದಿ ಗಟ್ಟಿಯಾಗುತ್ತೆ. ಭಾನುವಾರ ಒಂದೇ ದಿನ ಎರಡು ಗಂಟೆ ಉಜ್ಜಿದ್ರೆ ಬೊಬ್ಬೆ. ಮತ್ತೆ, ಪಾತ್ರೆ ತೊಳೆದು ನೆನೆದ ಬೆರಳಲ್ಲಿ ಕೂತ್ಕೋಬೇಡಿ, ಚರ್ಮ ಸುಲಿಯುತ್ತೆ.

ಮರಗೆಲಸ_ಮೈಸೂರು
ಗಮಕಪ್ರಿಯೆ ಅವರ ಮಾತಿಗೆ ಒಂದು ಬಾಲಂಗೋಚಿ. 12ರಿಂದ 10ಕ್ಕೆ ಇಳಿದಾಗ ಎಳೆತ ಕಮ್ಮಿಯಾಗಿ ಕತ್ತು ಹಿಂದಕ್ಕೆ ನೆಟ್ಟಗಾಗುತ್ತೆ. ಆಗ ಮೊದಲ ಮೂರ್ನಾಲ್ಕು ಫ್ರೆಟ್ಟಲ್ಲಿ ಹೊಸದಾಗಿ ಗರ್‌ ಸದ್ದು ಬರಬಹುದು. ತಂತಿ ಕೆಟ್ಟದ್ದು ಅಂತ ಬೈಬೇಡಿ, ಟ್ರಸ್ ರಾಡ್ ಕಾಲು ಸುತ್ತು ಸಡಿಲ ಮಾಡಿದ್ರೆ ಹೋಗುತ್ತೆ.

ವೈರಿಂಗ್_ವಾಸು
ಹಾಗಾದ್ರೆ ಎತ್ತರಕ್ಕೂ ಟ್ರಸ್ ರಾಡೇ ತಿರುಗಿಸಿದ್ರೆ ಆಯ್ತಲ್ಲ? ಬಿಗಿ ಮಾಡಿದ್ರೆ ತಂತಿ ಕೆಳಗೆ ಬರುತ್ತೆ. ಸ್ಯಾಡಲ್ ಯಾಕೆ ತಿಕ್ಕೋದು?

ಮರಗೆಲಸ_ಮೈಸೂರು
ವಾಸು ಸರ್, ಹೊಸಬರು ಗಿಟಾರ್ ಹಾಳು ಮಾಡೋದೇ ಇಲ್ಲಿ. ಟ್ರಸ್ ರಾಡ್ ಇರೋದು ಕತ್ತಿನ ಬಾಗು ಸರಿ ಮಾಡೋಕೆ, ಎತ್ತರ ಇಳಿಸೋಕಲ್ಲ. ಎತ್ತರದಲ್ಲಿ ಸ್ವಲ್ಪ ವ್ಯತ್ಯಾಸ ಬರೋದು ಅದರ ಅಡ್ಡಪರಿಣಾಮ.

ಬಾಗು ನೋಡೋದು ಹೀಗೆ: ತಂತಿ ಪೂರ್ತಿ ಶ್ರುತಿಯಲ್ಲಿರಲಿ. ಒಂದನೇ ಫ್ರೆಟ್ಟಿಗೆ ಕೇಪೋ ಹಾಕಿ, ಕತ್ತು ದೇಹಕ್ಕೆ ಸೇರೋ 14ನೇ ಫ್ರೆಟ್ಟನ್ನ ಬೆರಳಲ್ಲಿ ಒತ್ತಿ. ಈಗ ತಂತಿಯೇ ನೇರ ಪಟ್ಟಿ. 7ನೇ ಫ್ರೆಟ್ಟಿನ ಮೇಲೆ ಒಂದು ವಿಸಿಟಿಂಗ್ ಕಾರ್ಡ್ ತೂರೋಷ್ಟು, 0.2–0.3 ಮಿ.ಮೀ. ಸಂದಿ ಇರಬೇಕು. ಅದಕ್ಕಿಂತ ಜಾಸ್ತಿ ಇದ್ರೆ ಪ್ರದಕ್ಷಿಣೆ ದಿಕ್ಕಲ್ಲಿ ಬಿಗಿ, ಏನೂ ಇಲ್ಲದೆ ಅಂಟಿದ್ರೆ ಅಪ್ರದಕ್ಷಿಣೆ. ಒಂದ್ಸಲಕ್ಕೆ ಕಾಲು ಸುತ್ತು, ಮತ್ತೆ ಶ್ರುತಿ ಮಾಡಿ, ಮತ್ತೆ ನೋಡಿ. ರಾಡ್ ತಿರುಗಿಸೋ ಕೀ ಅಲುಗದಿದ್ರೆ ಅಲ್ಲೇ ನಿಲ್ಲಿಸಿ. ಜೋರು ಮಾಡಿದ್ರೆ ರಾಡಿನ ತಿರುಪಿನ ಮೂಲೆ ಸವೆದು ಗುಂಡಗಾಗುತ್ತೆ, ಇಲ್ಲಾ ರಾಡೇ ಮುರಿಯುತ್ತೆ.

ಬಾಗು ಸರಿಯಾದ ಮೇಲೂ 12ನೇ ಫ್ರೆಟ್ಟಲ್ಲಿ ಎತ್ತರ ಇದ್ರೆ ಆಗ ಸ್ಯಾಡಲ್. ಲೆಕ್ಕ ಸುಲಭ: 12ನೇ ಫ್ರೆಟ್ ತಂತಿಯ ಸರಿ ಅರ್ಧ. ಅಲ್ಲಿ 0.5 ಇಳೀಬೇಕು ಅಂದ್ರೆ ಸ್ಯಾಡಲ್ಲಿಂದ 1 ಮಿ.ಮೀ. ತೆಗೀಬೇಕು. ಮೇಲಿನ ಉಬ್ಬು ಮುಟ್ಟಬೇಡಿ, ತಳದಿಂದ ತೆಗೀರಿ. ಸ್ಯಾಡಲ್ ಎಳೆದು ಹೊರಗೆ ತೆಗೆದು, ಎಷ್ಟು ಬೇಕೋ ಅಲ್ಲಿಗೆ ಚೂಪು ಪೆನ್ಸಿಲ್ಲಲ್ಲಿ ಗೆರೆ ಎಳೆದು, ಗಾಜಿನ ಮೇಲೆ 120 ನಂಬರಿನ ಮರಳು ಕಾಗದ ಅಂಟಿಸಿ, ಸ್ಯಾಡಲ್ಲನ್ನ ನೆಟ್ಟಗೆ ಹಿಡಿದು ಹಿಂದಕ್ಕೂ ಮುಂದಕ್ಕೂ ಒಂದೇ ಒತ್ತಡದಲ್ಲಿ ಎಳೀರಿ. ಹತ್ತು ಸಲಕ್ಕೊಮ್ಮೆ ತಿರುಗಿಸಿ ನೋಡಿ, ಒಂದು ಕಡೆ ಇಳಿಜಾರಾಗೋದು ಬೇಗ. ಜಾಸ್ತಿ ತೆಗೆದುಬಿಟ್ರೆ ಹೊಸ ಸ್ಯಾಡಲ್ಲೇ ಗತಿ.

ವೈರಿಂಗ್_ವಾಸು
ಸೆಮಿ ಅಕೌಸ್ಟಿಕ್ಕಲ್ಲೂ ಇದೇನಾ? ಅಡಿಯಲ್ಲಿ ಪಿಕಪ್ (ಸದ್ದನ್ನ ಸ್ಪೀಕರಿಗೆ ಕಳಿಸೋ ಪಟ್ಟಿ) ಇರುತ್ತಲ್ಲ.

ಮರಗೆಲಸ_ಮೈಸೂರು
ಅಲ್ಲಿ ತಳ ಇನ್ನೂ ಸಪಾಟಾಗಿರಬೇಕು. ಪಿಕಪ್ ಪಟ್ಟಿಗೆ ಪೂರ್ತಿ ಕೂರದಿದ್ರೆ ಸ್ಪೀಕರಲ್ಲಿ ಒಂದೆರಡು ತಂತಿ ಮಾತ್ರ ಮೆಲ್ಲಗೆ ಕೇಳುತ್ತೆ.

ಆರುತಂತಿ
ಸೆಮಿ ಅಕೌಸ್ಟಿಕ್ ಅಂತ ನಮ್ಮ ಅಂಗಡಿಗಳು ಕರೆಯೋದು ಪಿಕಪ್ ಇರೋ ಮಾಮೂಲಿ ಅಕೌಸ್ಟಿಕ್ಕನ್ನ. ಮನೆಯಲ್ಲಿ ಬಾರಿಸೋರಿಗೆ ಅದು ಬೇಡ. ಅದೇ ದುಡ್ಡಿಗೆ ಪಿಕಪ್, ಬ್ಯಾಟರಿ ಡಬ್ಬ, ಈಕ್ವಲೈಜರ್ ಎಲ್ಲ ಸೇರಿಸಿದ್ರೆ ಮರದ ಕೆಲಸದಲ್ಲಿ ಎಲ್ಲೋ ಉಳಿತಾಯ ಮಾಡಿರ್ತಾರೆ ಅಂತಲೇ ತಿಳ್ಕೊಳ್ಳಿ. ಸ್ಟೇಜ್ ಹತ್ತೋ ದಿನ ಬಂದಾಗ ಪಿಕಪ್ ಹಾಕಿಸಬಹುದು.

ಪಿಜಿ_ಪಾಂಡು
ಎಲೆಕ್ಟ್ರಿಕ್ ಯಾಕೆ ಯಾರೂ ಹೇಳ್ತಿಲ್ಲ? 9–42 ತಂತಿ, ಎತ್ತರ 1.5–2 ಮಿ.ಮೀ., ಬೆರಳಿಗೆ ಹಬ್ಬ. ಹೆಡ್‌ಫೋನ್ ಹಾಕ್ಕೊಂಡ್ರೆ ಪಕ್ಕದ ರೂಮಿನವನು ಬಾಗಿಲು ಬಡಿಯಲ್ಲ.

ಆರುತಂತಿ
ನಿಜ. ಆದ್ರೆ 10 ಸಾವಿರದಲ್ಲಿ ಗಿಟಾರು, ಆಂಪು, ಕೇಬಲ್ಲು ಮೂರೂ ಬರಬೇಕು, ಮೂರೂ ಅರೆಬರೆ ಆಗುತ್ತೆ. ಭಾವಗೀತೆಗೆ ಅಂತ ಕೇಳಿದಾರೆ ಬೇರೆ.

ಕುಡ್ಲ_ಮಳೆ
ಮಾರಾಯ್ರೆ, ಎಲ್ಲ ಹೇಳಿದಿರಿ, ಹವೆಯ ಬಗ್ಗೆ ಯಾರೂ ಹೇಳಲಿಲ್ಲ. ಗಿಟಾರಿಗೆ ಹಿತವಾದ ತೇವಾಂಶ 45ರಿಂದ 55 ಶೇಕಡಾ. ನಮ್ಮಲ್ಲಿ ಮಳೆಗಾಲದಲ್ಲಿ ಅಷ್ಟರಲ್ಲಿ ಎಲ್ಲಿ ನಿಲ್ತದೆ? ಮೇಲ್ಹಲಗೆ ತೇವ ಕುಡಿದು ಉಬ್ಬಿ, ಕುದುರೆ ಸಮೇತ ತಂತಿ ಮೇಲೆ ಬರ್ತದೆ. ಜೂನ್‌ನಲ್ಲಿ ಎತ್ತರ ಏರಿತು ಅಂತ ಸ್ಯಾಡಲ್ ತಿಕ್ಕಿದರೆ ಜನವರಿಯಲ್ಲಿ ಗರಗರ. ಹಾಗಾಗಿ ಮಳೆಗಾಲದ ಸೆಟಪ್ಪಿನಲ್ಲಿ ತೀರಾ ಕೆಳಗೆ ಇಳಿಸಬೇಡಿ. ಬ್ಯಾಗಿನೊಳಗೆ ಸಿಲಿಕಾ ಜೆಲ್ ಹಾಕಿ, ಮಣಿಯ ಬಣ್ಣ ಬದಲಾದಾಗ ಒಣಗಿಸಿ. ಹೊರಗಿನ ಗೋಡೆಗೆ ತಾಗಿಸಿ ಇಡಬೇಡಿ, ಬೂಸ್ಟು ಹಿಡೀತದೆ. ಬಾರಿಸಿದ ಮೇಲೆ ಒಣಬಟ್ಟೆಯಿಂದ ತಂತಿಯ ತಳವನ್ನೂ ಒರೆಸಿ, ಇಲ್ಲದಿದ್ದರೆ ತಿಂಗಳಿಗೇ ತುಕ್ಕು.

ಹುಬ್ಬಳ್ಳಿ_ಹೈದ
ನಮ್ಮ ಕಡೆ ಉಲ್ಟಾ ರೀ. ರಾಯಚೂರು, ಕಲಬುರಗಿ ಬ್ಯಾಸಗಿಯೊಳಗ ಕತ್ತಿನ ಹಲಗಿ ಒಣಗಿ ಕುಗ್ಗತದ, ಫ್ರೆಟ್ಟಿನ ತುದಿ ಹೊರಗ ಬಂದು ಕೈ ಗೀರತಾವ. ಕತ್ತಿನ ಎರಡೂ ಅಂಚಿಗೆ ಮೇಲಿಂದ ಕೆಳಗ ಅಂಗೈ ಸವರಿ ನೋಡ್ರಿ. ಗರಗಸದಂಗ ಹತ್ತಿದ್ರ ಅಂಗಡ್ಯಾಗ ಬಿಟ್ಟು ಬರ್ರಿ. ಮತ್ತ ಬಿಸಿಲಾಗ ನಿಂತ ಕಾರಿನೊಳಗ ಗಿಟಾರ್ ಇಡಬ್ಯಾಡ್ರಿ, ಅಂಟು ಮೆತ್ತಗಾಗಿ ಕುದುರೆ ಏಳ್ತದ.

ಸಾಗರದ_ಶ್ರೀ
ದಿನಾ ರಾತ್ರಿ ತಂತಿ ಸಡಿಲಿಸಿ ಇಟ್ರೆ ಇದೆಲ್ಲ ತಪ್ಪುತ್ತಲ್ವಾ?

ಮರಗೆಲಸ_ಮೈಸೂರು
ಬೇಡ. ಕತ್ತು ಆ ಎಳೆತಕ್ಕೇ ಹೊಂದಿಕೊಂಡಿರುತ್ತೆ. ದಿನಾ ಬಿಚ್ಚಿ ಬಿಗಿದ್ರೆ ಶ್ರುತಿ ನಿಲ್ಲಲ್ಲ, ತಂತಿ ಬೇಗ ಸಾಯುತ್ತೆ. ತಿಂಗಳುಗಟ್ಟಲೆ ಮುಟ್ಟೋದಿಲ್ಲ ಅಂದ್ರೆ ಮಾತ್ರ ಒಂದೆರಡು ಸ್ವರ ಇಳಿಸಿಡಿ.

ಗಮಕಪ್ರಿಯೆ
ಇಲ್ಲಿ ಫ್ರೆಟ್ಟಿಗೆ ಮೆಟ್ಟಿಲು, ಟ್ಯೂನಿಂಗ್ ಕೀಗೆ ಬಿರಡೆ ಅನ್ನಬಹುದಲ್ವಾ? ಕುದುರೆ ಅಂತ ಆಗ್ಲೇ ಅಂತಿದೀರಿ. ವೀಣೆಯವರ ಮಾತು ಎಲ್ಲ ರೆಡಿ ಇವೆ.

ಪಿಜಿ_ಪಾಂಡು
ಅಂಗಡೀಲಿ ಬಿರಡೆ ಕೊಡಿ ಅಂದ್ರೆ ಬಾಟಲಿ ಬಿರಡೆ ಕೊಡ್ತಾರೆ.

ಗಮಕಪ್ರಿಯೆ
😂 ಆದ್ರೂ ಒಂದು ವ್ಯತ್ಯಾಸ ಇದೆ. ವೀಣೆಯ 24 ಮೆಟ್ಟಿಲು ಮೇಣದ ಮೇಲೆ ಕೂತಿರೋದು, ಶ್ರುತಿ ಕೆಟ್ಟರೆ ಮೇಳ ಕಟ್ಟೋರು ಮತ್ತೆ ಕೂರಿಸ್ತಾರೆ. ಗಿಟಾರಿಂದು ಗರಗಸದ ಸೀಳಿಗೆ ಬಡಿದಿರೋದು, ಕಾರ್ಖಾನೆಯಲ್ಲಿ ತಪ್ಪಿದ್ರೆ ತಪ್ಪಿದ್ದೇ. ತಂಬೂರಿಯಲ್ಲಿ ಜೀವಾಳದ ದಾರ ಇಟ್ಟು ಝೇಂಕಾರ ಬರಿಸ್ತೀವಿ, ಇಲ್ಲಿ ಅದೇ ಸದ್ದು ಬಂದ್ರೆ ರಿಪೇರಿಗೆ ಒಯ್ತೀವಿ!

ಶಾಸ್ತ್ರೀಯ_ಸುಬ್ಬು
ಕರ್ನಾಟಕ ಸಂಗೀತ ಬಾರಿಸಬೇಕು ಅಂದ್ರೆ ಮಾಮೂಲಿ ಗಿಟಾರಲ್ಲಿ ಗಮಕ ಆಗುತ್ತಾ?

ಗಮಕಪ್ರಿಯೆ
ಆಗುತ್ತೆ, ಕಷ್ಟಪಟ್ಟು. ಆರ್. ಪ್ರಸನ್ನ ಅವರು ಫ್ರೆಟ್ ಇರೋ ಗಿಟಾರಲ್ಲೇ ಬಾರಿಸ್ತಾರೆ. ತಂತಿಯನ್ನ ಅಡ್ಡಕ್ಕೆ ಎಳೀಬೇಕು, ಅದಕ್ಕೆ ತೆಳು ತಂತಿ ಬೇಕು. 12–53ರಲ್ಲಿ ಒಂದೂವರೆ ಸ್ವರ ಎಳೆಯೋಕೆ ಹೋದ್ರೆ ಬೆರಳು ಹೋಗುತ್ತೆ. ಬ್ರಿಟಿಷ್ ಗಿಟಾರ್ ವಾದಕ ಜಾನ್ ಮೆಕ್ಲಾಫ್ಲಿನ್ ತಮ್ಮ 'ಶಕ್ತಿ' ತಂಡಕ್ಕೆ ಮಾಡಿಸಿದ ಗಿಟಾರಲ್ಲಿ ಫ್ರೆಟ್ಟುಗಳ ನಡುವೆ ಮರ ತೋಡಿಸಿದ್ದು ಎಳೆತ ಸುಲಭವಾಗಲಿ ಅಂತ, ಅಡ್ಡಲಾಗಿ ಏಳು ಅನುರಣನ ತಂತಿ ಬೇರೆ. ವಿಶ್ವಮೋಹನ್ ಭಟ್ಟರ ಮೋಹನವೀಣೆ ಇನ್ನೊಂದು ದಾರಿ: ಮಡಿಲಲ್ಲಿ ಮಲಗಿಸಿ ಉಕ್ಕಿನ ಸರಳು ಜಾರಿಸೋದು. ಅಲ್ಲಿ ತಂತಿ ಎತ್ತರವೇ ಇರಬೇಕು, ಇಲ್ಲಿ ನಾವು ಇಷ್ಟೊತ್ತು ಹೇಳಿದ್ದರ ತದ್ವಿರುದ್ಧ.

ನಿರ್ವಾಹಕ
ಮೋಹನವೀಣೆಗೆ ಬೇರೆ ಎಳೆ ತೆರೀರಿ. ಕೇಳಿದವರು ಹಾಸನದಲ್ಲಿ ಕಾಯ್ತಿದಾರೆ.

ಎಡಚ
ಎಡಗೈಯವರಿಗೆ? ತಂತಿ ತಿರುಗಿಸಿ ಹಾಕಿದ್ರೆ ಸಾಕಾ?

ಮರಗೆಲಸ_ಮೈಸೂರು
ಸಾಲದು. ನಟ್ಟಿನಲ್ಲಿ ತಂತಿ ಕೂರೋ ಸೀಳುಗಳ ಅಗಲ ಉಲ್ಟಾ ಆಗುತ್ತೆ, ಸ್ಯಾಡಲ್ಲಿನ ಓರೆಯೂ ಉಲ್ಟಾ ಆಗಿ ಶ್ರುತಿ ಕೆಡುತ್ತೆ. ಎಡಗೈದೇ ತಗೊಳ್ಳಿ, ಇಲ್ಲಾ ಈಗಲೇ ಬಲಗೈಯಲ್ಲಿ ಶುರು ಮಾಡಿ. ಹೊಸಬರಿಗೆ ಎರಡೂ ಕೈ ಹೊಸವೇ.

ಹೊಸಬ_ಹಾಸನ
ಇಷ್ಟೆಲ್ಲ ನಿರೀಕ್ಷೆ ಮಾಡಿರ್ಲಿಲ್ಲ, ಥ್ಯಾಂಕ್ಸ್. ಸ್ಟೀಲ್, ಪಿಕಪ್ ಇಲ್ಲದ್ದು, 8 ಸಾವಿರದೊಳಗೆ ಅಂತ ಮನಸ್ಸು ಮಾಡಿದೀನಿ. ನನ್ನ ಎತ್ತರ 5 ಅಡಿ 3. 41 ಇಂಚು ದೊಡ್ಡದಾಗುತ್ತಾ? ಸೆಕೆಂಡ್ ಹ್ಯಾಂಡ್ ಸಿಕ್ಕಿದ್ರೆ ಏನು ನೋಡಲಿ?

ಆರುತಂತಿ
ಕೂತು ತೊಡೆ ಮೇಲಿಟ್ಟು ನೋಡಿ. ಬಲಗೈ ದೇಹದ ಮೇಲಿಂದ ಬಂದಾಗ ಭುಜ ಮೇಲಕ್ಕೆತ್ತಿಕೊಂಡ್ರೆ ದೊಡ್ಡದಾಯ್ತು. ಆಗ ಸೊಂಟ ಸಣ್ಣಗಿರೋ ಕಾನ್ಸರ್ಟ್ ಆಕಾರ ಕೇಳಿ, ಯಮಾಹಾದಲ್ಲಿ ಎಫ್‌ಎಸ್ ಅಂತ ಶುರುವಾಗೋವು. ಸದ್ದಿನಲ್ಲಿ ತಳದ ಗುಂಗು ಸ್ವಲ್ಪ ಕಮ್ಮಿ, ಹಾಡಿನ ಜೊತೆಗೆ ಅದೇ ಚೆನ್ನ.

ಸೆಕೆಂಡ್ ಹ್ಯಾಂಡಿಗೆ: ಕುದುರೆಯ ಹಿಂಬದಿಗೆ ಒಂದು ಕಾಗದ ತೂರಿಸಿ ನೋಡಿ, ಒಳಗೆ ಹೋದ್ರೆ ಕಿತ್ತು ಬರ್ತಿದೆ. ಕತ್ತು ದೇಹಕ್ಕೆ ಸೇರೋ ಹಿಮ್ಮಡಿಯಲ್ಲಿ ಬಿರುಕು ಗೆರೆ ಇದೆಯಾ ನೋಡಿ. ಮೊದಲ ಮೂರು ಫ್ರೆಟ್ಟಲ್ಲಿ ತಂತಿ ಕೂತು ಗುಣಿ ಬಿದ್ದಿದ್ರೆ ಬೆಲೆ ಇಳಿಸಿ ಕೇಳಿ. ಆರೂ ತಂತಿಯ ಎಲ್ಲ ಫ್ರೆಟ್ಟನ್ನೂ ಒಂದೊಂದಾಗಿ ಮೀಟಿ, ಅವರು ಬೇಜಾರು ಮಾಡ್ಕೊಂಡ್ರೂ ಪರವಾಗಿಲ್ಲ.

ಮರಗೆಲಸ_ಮೈಸೂರು
ಹೊಸದೇ ಆದ್ರೂ ಮೊದಲು ಶ್ರುತಿ ಮಾಡಿಸಿ, ಆಮೇಲೆ ಅಳೀರಿ. ಅಂಗಡಿಯಲ್ಲಿ ನೇತಾಡೋ ಗಿಟಾರಿನ ತಂತಿ ಬಹಳ ಸಲ ಒಂದೆರಡು ಸ್ವರ ಸಡಿಲ ಇರುತ್ತೆ. ಸಡಿಲ ತಂತಿಗೆ ಕತ್ತು ಬಾಗಲ್ಲ, ಎತ್ತರ ಕಮ್ಮಿ ಕಾಣುತ್ತೆ. ಮನೆಗೆ ತಂದು ಶ್ರುತಿ ಮಾಡಿದ ಮೇಲೆ ಬಣ್ಣ ಬಯಲು. ಇನ್ನೊಂದು: ಮೂರನೇ ಫ್ರೆಟ್ ಒತ್ತಿ ಹಿಡಿದು ಒಂದನೇ ಫ್ರೆಟ್ಟಿನ ಮೇಲೆ ನೋಡಿ, ತಂತಿಗೂ ಫ್ರೆಟ್ಟಿಗೂ ನಡುವೆ ಕಾಗದದಷ್ಟೇ ಸಂದಿ ಸಾಕು. ಜಾಸ್ತಿ ಇದ್ರೆ ನಟ್ಟಿನ ಸೀಳಿನ ಆಳ ಸಾಲದು, ಆ ಗಿಟಾರಲ್ಲಿ ಎಫ್ ಕಾರ್ಡ್ ಯಾರಿಗೂ ಬರಲ್ಲ. ಆದ್ರೆ ಸೀಳು ತೋಡೋಕೆ ಮನೇಲಿ ಕೈ ಹಾಕಬೇಡಿ. ಅರ (ಫೈಲು) ಅರೆಕ್ಷಣ ಜಾರಿದ್ರೆ ಖಾಲಿ ತಂತಿ ಗರ್‌ ಅನ್ನುತ್ತೆ, ಹೊಸ ನಟ್ ಹಾಕಿಸಬೇಕಾಗುತ್ತೆ.

ಹೊಸಬ_ಹಾಸನ
ಸರಿ, ಶನಿವಾರ ಹೋಗ್ತೀನಿ. ಮೂರು ಕಾರ್ಡ್ ಸಾಕು ತಾನೇ?

ಗಾಂಧಿಬಜಾರ್_ಗುರು
ಅಳೆಯೋಕೆ ಮೂರು, ದುಡ್ಡು ಕೊಡೋಕೆ ಒಂದು. ಬಾರಿಸೋಕೆ ಅಂದ್ರೆ ಜಿ, ಸಿ, ಡಿ, ಅದೂ ಮೂರೇ.

ಗಮಕಪ್ರಿಯೆ
ಇ ಮೈನರ್ ಬಿಟ್ಟುಬಿಟ್ರಾ? ಎರಡೇ ಬೆರಳು, ಮೊದಲ ದಿನ ಅದರಿಂದಲೇ ಶುರು ಮಾಡಿ.